ಬಸುರಿಯ ಬಯಲು ಸಂಗೀತೋತ್ಸವ: ಸೌಂಡ್ ಡೆಸ್ಕಿನವಳ ಲೆಕ್ಕಾಚಾರ

ಬಯಲು ಕಾರ್ಯಕ್ರಮಗಳಿಗೆ ಸೌಂಡ್ ಕೂರಿಸುವುದು ನನ್ನ ಕಸುಬು. ಆರನೇ ತಿಂಗಳಲ್ಲಿ ಬರೀ ಕೇಳುಗಳಾಗಿ ಮೂರು ದಿನದ ಉತ್ಸವವೊಂದಕ್ಕೆ ಹೊರಟಾಗ ಎರಡು ಬಗೆಯ ಸಲಹೆ ಬಂತು. "ಬಸುರಿ ಹೆಂಗಸು ಅಲ್ಲಿಗೆಲ್ಲ ಯಾಕೆ ಹೋಗಬೇಕು?" ಅಂದವರಿಗೆ ಮೈದಾನ ಗೊತ್ತಿರಲಿಲ್ಲ. "ಏನೂ ಆಗಲ್ಲ, ಆರಾಮಾಗಿ ಬಾ" ಅಂದವರಿಗೆ ಬಸಿರು ಗೊತ್ತಿರಲಿಲ್ಲ. ಎರಡನ್ನೂ ಅಷ್ಟಿಷ್ಟು ಬಲ್ಲವಳಾಗಿ ಹೇಳುತ್ತೇನೆ: ಅದೇ ಮೈದಾನ, ಅದೇ ಹೊತ್ತು, ಅದೇ ಹಾಡು ಇದ್ದರೂ ಐವತ್ತು ಹೆಜ್ಜೆ ಆಚೆ ಸರಿದರೆ ಶಬ್ದ, ನೂಕಾಟ, ಬಿಸಿಲು, ಶೌಚಾಲಯದ ದೂರ ಎಲ್ಲವೂ ಬೇರೆ. ಬಸುರಿ ಅಲ್ಲಿ ಮಾಡಬೇಕಾದ ದೊಡ್ಡ ಕೆಲಸ ಜಾಗ ಆರಿಸುವುದು. ಹಾಡು ಆರಿಸುವುದು ಆಮೇಲಿನ ಮಾತು.

ಟಿಕೆಟ್ ಕೊಳ್ಳುವ ಮೊದಲು

ತಿಂಗಳ ಲೆಕ್ಕ ಹಾಕಿ. ಸುಮಾರು 14ರಿಂದ 27ನೇ ವಾರದವರೆಗಿನ ನಡುವಿನ ಅವಧಿ ಇಂಥ ಓಡಾಟಕ್ಕೆ ಹೊಂದುತ್ತದೆ. ಅಷ್ಟರಲ್ಲಿ ವಾಕರಿಕೆ ಇಳಿದಿರುತ್ತದೆ, ಹೊಟ್ಟೆ ಇನ್ನೂ ಕಾಲಿಗೆ ಭಾರವಾಗಿರುವುದಿಲ್ಲ. ಮೊದಲ ವಾರಗಳಲ್ಲಿ ಇನ್ನೊಂದು ಕಾರಣಕ್ಕೂ ಎಚ್ಚರ ಬೇಕು. ಮಗುವಿನ ಮೆದುಳು, ಬೆನ್ನುಹುರಿಯಾಗುವ ನಾಳ ಮುಚ್ಚಿಕೊಳ್ಳುವುದು ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿದರೆ ಆರನೇ ವಾರದ ಹೊತ್ತಿಗೆ. ಆ ಸಮಯದಲ್ಲಿ ತಾಯಿಯ ಮೈಶಾಖ 39 ಡಿಗ್ರಿ ಸೆಲ್ಸಿಯಸ್ ದಾಟಿ ನಿಲ್ಲುವುದು ಒಳ್ಳೆಯದಲ್ಲ. ಸುಡುಬಿಸಿಲಿನಲ್ಲಿ ದಿನವಿಡೀ ಕುಣಿಯುವ ಯೋಜನೆ ಇದ್ದರೆ ಆಗ ಕೈಬಿಡಿ. ಕೊನೆಯ ತಿಂಗಳುಗಳಲ್ಲಿ ಪ್ರಯಾಣವೇ ತೊಡಕು. ಅನೇಕ ವಿಮಾನ ಕಂಪನಿಗಳು 28ನೇ ವಾರದ ನಂತರ ವೈದ್ಯರ ಪತ್ರ ಕೇಳುತ್ತವೆ, 36ರ ನಂತರ ಹತ್ತಿಸಿಕೊಳ್ಳುವುದಿಲ್ಲ. ಅವಳಿ ಇದ್ದರೆ ಈ ಗಡಿ ಇನ್ನೂ ಮೊದಲೇ ಬರುತ್ತದೆ.

ಡಾಕ್ಟರ ಹತ್ತಿರ "ಹೋಗಬಹುದಾ?" ಅಂತ ಮಾತ್ರ ಕೇಳಿದರೆ "ಜೋಪಾನವಾಗಿ ಹೋಗಿ ಬನ್ನಿ" ಅನ್ನುವ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಬಿಡಿಸಿ ಕೇಳಿ. ಮಾಸು (ಪ್ಲಾಸೆಂಟಾ) ಕೆಳಗೆ ಕೂತಿದೆಯಾ? ಗರ್ಭಕಂಠ ಗಿಡ್ಡವಾಗಿದೆಯಾ? ರಕ್ತದೊತ್ತಡ ಹೇಗಿದೆ? ಹಿಮೋಗ್ಲೋಬಿನ್ ಎಷ್ಟು? ದಿನಕ್ಕೆ ಎಂಟು ಗಂಟೆ ಹೊರಗಿದ್ದು, ನೆಲದ ಮೇಲೆ ಮಲಗಿ, ಆಸ್ಪತ್ರೆಯಿಂದ ಇಷ್ಟು ದೂರದಲ್ಲಿರುತ್ತೇನೆ ಅಂತ ಚಿತ್ರ ಕಟ್ಟಿಕೊಡಿ. ಇತ್ತೀಚೆಗೆ ರಕ್ತಸ್ರಾವ ಆಗಿದ್ದರೆ, ಮಾಸು ಕೆಳಗಿದ್ದರೆ, ಹಿಂದೆ ಅವಧಿಗೆ ಮೊದಲೇ ಹೆರಿಗೆ ಆಗಿದ್ದರೆ ನನ್ನ ಅಭಿಪ್ರಾಯ ನೇರ: ಈ ವರ್ಷ ಬೇಡ.

ಆಮೇಲೆ ಆಯೋಜಕರಿಗೆ ಬರೆಯಿರಿ. ಅಂಗವಿಕಲರಿಗೆಂದು ಎತ್ತರದ ವೇದಿಕೆ, ಪ್ರತ್ಯೇಕ ಶೌಚಾಲಯ, ಗೇಟಿಗೆ ಹತ್ತಿರದ ಟೆಂಟ್ ಜಾಗ ಇಟ್ಟಿರುವ ಉತ್ಸವಗಳಲ್ಲಿ ಕೆಲವು ಅದನ್ನು ಬಸುರಿಯರಿಗೂ ಕೊಡುತ್ತವೆ, ಆದರೆ ಮುಂಚಿತವಾಗಿ ಕೇಳಿದವರಿಗೆ. ಸಂಕೋಚ ಬೇಡ. ಸ್ಟೇಜಿನ ಹಿಂದಿನಿಂದ ನೋಡಿದವಳಾಗಿ ಹೇಳುತ್ತೇನೆ, ಮಡಚುವ ಕುರ್ಚಿ ಒಳಗೆ ತರಬಹುದಾ, ಸೀಲ್ ಒಡೆದ ನೀರಿನ ಬಾಟಲಿ ಬಿಡುತ್ತಾರಾ, ಪ್ರಥಮ ಚಿಕಿತ್ಸೆ ಡೇರೆಯಲ್ಲಿ ರಾತ್ರಿಯೂ ಯಾರಾದರೂ ಇರುತ್ತಾರಾ ಅನ್ನುವ ಪ್ರಶ್ನೆಗಳಿಗೆ ಗೇಟಿನ ಹುಡುಗನ ಹತ್ತಿರ ಉತ್ತರ ಇರುವುದಿಲ್ಲ. ಕಚೇರಿಯ ಇಮೇಲ್ ಉತ್ತರವನ್ನು ಪ್ರಿಂಟ್ ಮಾಡಿ ಹಿಡಿದುಕೊಂಡು ಹೋದರೆ ವಾದ ಬೇಗ ಮುಗಿಯುತ್ತದೆ.

ಶಬ್ದ: ಇಲ್ಲಿ ಸ್ವಲ್ಪ ಉದ್ದಕ್ಕೆ ಮಾತಾಡುತ್ತೇನೆ

"ಮಗುವಿಗೆ ಕೇಳಿಸುತ್ತಾ?" ಅಂತ ಎಲ್ಲರೂ ಕೇಳುತ್ತಾರೆ. ಇಪ್ಪತ್ತನೇ ವಾರದ ಆಸುಪಾಸಿನಲ್ಲಿ ಒಳಗಿವಿ ಕೆಲಸ ಶುರು ಮಾಡುತ್ತದೆ. 24–25 ವಾರದ ಹೊತ್ತಿಗೆ ಜೋರು ಶಬ್ದಕ್ಕೆ ಮಗು ಬೆಚ್ಚುವುದು ಸ್ಕ್ಯಾನಿನಲ್ಲಿ ಕಂಡದ್ದಿದೆ. ತಾಯಿಯ ಮೈ, ನೀರಿನ ಚೀಲ ಎಲ್ಲ ಸೇರಿ ಶಬ್ದವನ್ನು ತಗ್ಗಿಸುವುದು ನಿಜ, ಆದರೆ ಎಲ್ಲ ಶಬ್ದವನ್ನೂ ಸಮನಾಗಿ ಅಲ್ಲ. ತಾಳದ ಝಣಝಣ, ಗಾಯಕಿಯ ತಾರಸ್ಥಾಯಿ ಬಹಳ ಮಟ್ಟಿಗೆ ಹೊರಗೇ ಉಳಿಯುತ್ತವೆ. ಸುಮಾರು 250 ಹರ್ಟ್ಜ್‌ಗಿಂತ ಕೆಳಗಿನ ಬಾಸ್ ಹೆಚ್ಚು ಕಡಿಮೆ ಹಾಗೇ ಒಳಗೆ ಹೋಗುತ್ತದೆ. ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ಮಿನ ಏಟು, ಬಾಸ್ ಗಿಟಾರಿನ ತಗ್ಗಿನ ಸ್ವರಗಳೆಲ್ಲ ಈ ಪಟ್ಟಿಯವೇ.

ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ನೀವು ಹಾಕಿಕೊಳ್ಳುವ ಇಯರ್‌ಪ್ಲಗ್ ನಿಮ್ಮ ಕಿವಿಗೆ. ಹಾಕಿಕೊಳ್ಳಲೇಬೇಕು, ಆದರೆ ಹೊಟ್ಟೆಯೊಳಗಿನ ಕಿವಿಗೆ ಅದರಿಂದ ಲಾಭವಿಲ್ಲ. ಹೊಟ್ಟೆಗೆ ಸುತ್ತಿಕೊಳ್ಳುವ ಶಾಲು, ಬೆಲ್ಟು ಯಾವುದೂ ಬಾಸ್ ತಡೆಯುವುದಿಲ್ಲ. ಮಗುವಿಗಿರುವ ರಕ್ಷಣೆ ದೂರ ಮತ್ತು ಸಮಯ, ಅಷ್ಟೇ.

ಎರಡನೆಯದು ಮೊಬೈಲಿನ ಡೆಸಿಬೆಲ್ ಆ್ಯಪ್ ಕುರಿತದ್ದು. ಸಾಮಾನ್ಯವಾಗಿ ಅದು ತೋರಿಸುವುದು 'ಎ' ತೂಕದ ಅಂಕಿ. ಮನುಷ್ಯನ ಕಿವಿಗೆ ಬಾಸ್ ಕಮ್ಮಿ ಕೇಳುತ್ತದೆ ಅನ್ನುವ ಕಾರಣಕ್ಕೆ ಆ ಲೆಕ್ಕ ಬಾಸನ್ನು ಕಡಿತ ಮಾಡುತ್ತದೆ. 50 ಹರ್ಟ್ಜ್‌ನಲ್ಲಿ ಕಡಿತ ಸುಮಾರು 30 ಡೆಸಿಬೆಲ್. ಅಂದರೆ ಆ್ಯಪ್ 92 ಅನ್ನುವ ಜಾಗದಲ್ಲಿ ಎದೆಗೂಡು ನಡುಗುತ್ತಿರಬಹುದು. ಆ್ಯಪ್‌ನಲ್ಲಿ ಬಾಸನ್ನು ಅಷ್ಟು ಕಡಿಯದ 'ಸಿ' ತೂಕಕ್ಕೆ ಬದಲಿಸುವ ಆಯ್ಕೆ ಇದ್ದರೆ ಬದಲಿಸಿ ನೋಡಿ. ಫೋನಿನ ಪುಟ್ಟ ಮೈಕಿಗೆ ಬಾಸ್ ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಅಂಕಿಯನ್ನು ಪೂರ್ತಿ ನಂಬಬೇಡಿ. ನನ್ನ ಸರಳ ಪರೀಕ್ಷೆ ಬೇರೆ: ಅಂಗೈಯನ್ನು ಹೊಟ್ಟೆಯ ಮೇಲಿಡಿ. ಹಾಡಿನ ಏಟು ಅಂಗೈಗೆ ತಿಳಿಯುತ್ತಿದ್ದರೆ ಅಲ್ಲಿಂದ ಹಿಂದೆ ಸರಿಯಿರಿ. ಇನ್ನೂ ತಿಳಿದರೆ ಇನ್ನೂ ಹಿಂದೆ.

ಅಂಕಿಗಳು ಬೇಕೇ ಬೇಕು ಅನ್ನುವವರಿಗೆ: ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಯೋಷ್‌ನ ಪ್ರಕಾರ ಕೆಲಸದ ಜಾಗದಲ್ಲಿ ಬರಿಗಿವಿಗೆ 85 ಡೆಸಿಬೆಲ್ ಆದರೆ ಎಂಟು ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿಕೆಗೆ ಸಮಯ ಅರ್ಧ. 100ಕ್ಕೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಸ್ಥಳಗಳಿಗೆ ಹಾಕಿಕೊಟ್ಟ ಮೇಲ್ಮಿತಿಯೂ ಸರಾಸರಿ 100. ನಿಯಮ ಪಾಲಿಸುವ ಮೈದಾನದಲ್ಲೂ ನಿಮ್ಮ ಕಿವಿಯ ದಿನದ ಪಾಲು ಎರಡು ಮೂರು ಹಾಡಿನಲ್ಲಿ ಮುಗಿಯಬಹುದು ಅಂತ ಇದರ ಅರ್ಥ. ಬಸುರಿಯರು 115 ಡೆಸಿಬೆಲ್ ಮೀರಿದ ಶಬ್ದದಲ್ಲಿ ಇರಲೇಬಾರದು, ಕಿವಿಗೆ ಏನು ಹಾಕಿಕೊಂಡಿದ್ದರೂ, ಅನ್ನುವುದೂ ನಯೋಷ್‌ನದೇ ಸಲಹೆ. ಸ್ಪೀಕರ್ ಪಕ್ಕ ಆ ಅಂಕಿ ಅಪರೂಪವಲ್ಲ.

ಭಯ ಬೀಳಿಸಲು ಇದನ್ನು ಬರೆಯುತ್ತಿಲ್ಲ. ಸ್ವೀಡನ್‌ನಲ್ಲಿ ಸುಮಾರು 14 ಲಕ್ಷ ಮಕ್ಕಳ ದಾಖಲೆ ಇಟ್ಟುಕೊಂಡು ಮಾಡಿದ, 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಸಿರಿನಲ್ಲಿ ಜೋರು ಶಬ್ದಕ್ಕೆ ಒಡ್ಡಿಕೊಂಡ ತಾಯಂದಿರ ಮಕ್ಕಳಲ್ಲಿ ಕಿವಿಯ ತೊಂದರೆ ಹೆಚ್ಚು ಅಂತ ಕಂಡುಕೊಂಡಿತು. ಆದರೆ ಅವರು ನೋಡಿದ್ದು ಕೆಲಸದ ಜಾಗದಲ್ಲಿ ದಿನದಿನವೂ ಗದ್ದಲದಲ್ಲಿದ್ದವರನ್ನು. ಮೂರು ಸಂಜೆಯ ಸಂಗೀತ ಅದಕ್ಕೆ ಸಮವಲ್ಲ. ಹಾಗಂತ ಸ್ಪೀಕರ್‌ಗೆ ಹೊಟ್ಟೆ ಒರಗಿಸಿ ನಿಲ್ಲಲು ಅದು ಪರವಾನಗಿಯೂ ಅಲ್ಲ.

ಇನ್ನು ಜಾಗ. ಬಯಲಿನಲ್ಲಿ ಒಂದು ಸ್ಪೀಕರಿನಿಂದ ದೂರ ಎರಡರಷ್ಟಾದರೆ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಸ್ಟೇಜಿನ ಎರಡು ಬದಿಗೆ ಬಾಳೆಗೊನೆಯಂತೆ ಬಾಗಿ ತೂಗುವ ಸ್ಪೀಕರ್ ಸಾಲುಗಳ (ಲೈನ್ ಅರೇ) ಮುಂದೆ ಇಳಿಕೆ ಇದಕ್ಕಿಂತ ನಿಧಾನ. ದೂರದವರಿಗೂ ಕೇಳಲಿ ಅಂತಲೇ ಅವನ್ನು ಹಾಗೆ ಕಟ್ಟಿರುತ್ತೇವೆ. ನಾವು ಕೂತು ಶಬ್ದ ಹೊಂದಿಸುವ ಮಿಕ್ಸರ್ ಡೆಸ್ಕಿನ ಹತ್ತಿರ ನಿಂತರೆ ಚೆನ್ನಾಗಿ ಕೇಳುತ್ತದೆ ಅನ್ನುವುದು ಹಳೆಯ ಕೇಳುಗರ ಮಾತು, ನಿಜವೂ ಹೌದು. ಆದರೆ ಬಸುರಿಗೆ ಆ ಜಾಗ ನಾನು ಹೇಳುವುದಿಲ್ಲ. ಡೆಸ್ಕ್ ಸಾಮಾನ್ಯವಾಗಿ ಮೈದಾನದ ನಡುಗೆರೆಯಲ್ಲಿರುತ್ತದೆ. ಎಡ ಬಲ ಎರಡೂ ಕಡೆ ಸಬ್‌ವೂಫರ್ (ಬಾಸ್‌ಗೆಂದೇ ಇರುವ ಸ್ಪೀಕರ್, ಚಿಕ್ಕದಾಗಿ 'ಸಬ್') ಇಟ್ಟಿದ್ದರೆ ಅವುಗಳ ಬಾಸ್ ಒಂದೇ ಹೊತ್ತಿಗೆ ಬಂದು ಕೂಡಿಕೊಂಡು ದಪ್ಪವಾಗುವುದು ಆ ನಡುಗೆರೆಯ ಉದ್ದಕ್ಕೇ. ಡೆಸ್ಕನ್ನು ದಾಟಿ ಹಿಂದೆ ಹೋಗಿ, ನಡುವಿನಿಂದ ಒಂದು ಬದಿಗೆ ಸರಿದು ನಿಲ್ಲಿ. ದೊಡ್ಡ ಮೈದಾನವಾದರೆ ಹಿಂದೆ ಇನ್ನೊಂದು ಸಾಲು ಸ್ಪೀಕರ್ ಕಂಬಗಳಿರುತ್ತವೆ, ಡಿಲೇ ಟವರ್ ಅಂತ. ಅವುಗಳ ಬುಡದಲ್ಲಿ ಕುರ್ಚಿ ಹಾಕಬೇಡಿ. ಗಾಳಿ ಸ್ಟೇಜಿನ ಕಡೆಯಿಂದ ನಿಮ್ಮ ಕಡೆ ಬೀಸುತ್ತಿದ್ದರೆ ಶಬ್ದವೂ ಹೆಚ್ಚು ಬರುತ್ತದೆ.

ಇನ್ನೊಂದು, ಯಾರೂ ಹೇಳದ್ದು: ಸೌಂಡ್ ಚೆಕ್ ಹೊತ್ತಿನಲ್ಲಿ ಮುಂದೆ ಓಡಾಡಬೇಡಿ. ಖಾಲಿ ಮೈದಾನ, ಮುಂದೆ ಹೋಗಿ ಫೋಟೋ ತೆಗೆಸಿಕೊಳ್ಳೋಣ ಅನಿಸುತ್ತದೆ. ಆಗಲೇ ನಾವು ಕಿಕ್ ಡ್ರಮ್ಮನ್ನು ಒಂಟಿಯಾಗಿ, ಏಟಿನ ಮೇಲೆ ಏಟು, ಪೂರ್ತಿ ದನಿಗೆ ಏರಿಸುವುದು. ಕೇಬಲ್ ಕಿತ್ತು ಸಿಕ್ಕಿಸಿದರೆ 'ಢಬ್' ಅನ್ನುವ ಶಬ್ದಕ್ಕೆ ಮುನ್ಸೂಚನೆಯೂ ಇರುವುದಿಲ್ಲ.

ನಿಮ್ಮ ಮೆಚ್ಚಿನವರು ಹಾಡುವ ಒಂದು ಗಂಟೆಯನ್ನು ಆರಿಸಿಕೊಳ್ಳಿ, ಅದರ ಮೊದಲೂ ನಂತರವೂ ಸದ್ದಿಲ್ಲದ ಕಡೆ ಕಳೆಯಿರಿ. ನನ್ನ ರುಚಿ ಕೇಳಿದರೆ, ಮಧ್ಯಾಹ್ನದ ಚಿಕ್ಕ ವೇದಿಕೆಗಳೇ ಬಸುರಿಯ ಸ್ವರ್ಗ. ಜನ ಕಮ್ಮಿ, ಸಬ್ ಕಮ್ಮಿ, ಗಾಯಕರಿಗೂ ಹೆಸರು ಮಾಡುವ ಹುರುಪು.

ಗುಂಪು

ಸ್ಟೇಜಿನ ಮುಂದಿನ ಕಬ್ಬಿಣದ ಕಟಕಟೆ ಬಸುರಿಯ ಜಾಗವಲ್ಲ. ಒಂದು ಚದರ ಮೀಟರಿನಲ್ಲಿ ಐದು ಜನ ದಾಟಿದ ಮೇಲೆ ಯಾರೂ ತಮ್ಮಿಚ್ಛೆಯಂತೆ ನಡೆಯಲಾರರು, ಗುಂಪು ಅಲೆಯಂತೆ ತೂಗುತ್ತದೆ. ಡೆನ್ಮಾರ್ಕಿನ ರೋಸ್ಕಿಲ್ಡೆ ಉತ್ಸವದಲ್ಲಿ 2000ದಲ್ಲಿ ಒಂಬತ್ತು ಜನ, ಅಮೆರಿಕದ ಹ್ಯೂಸ್ಟನ್‌ನ ಆಸ್ಟ್ರೋವರ್ಲ್ಡ್‌ನಲ್ಲಿ 2021ರಲ್ಲಿ ಹತ್ತು ಜನ ಜೀವ ಕಳೆದುಕೊಂಡದ್ದು ಇಂಥ ಒತ್ತಡದಲ್ಲೇ. ಕೈ ಎತ್ತದೆ ಪಕ್ಕದವರಿಗೆ ತಾಗುತ್ತಿದ್ದೀರಿ ಅಂದರೆ ಹೊರಡುವ ಹೊತ್ತು. ಗುಂಪಿಗೆ ಎದುರು ಈಜದೆ ಓರೆಯಾಗಿ ಬದಿಗೆ ಹೊರಬನ್ನಿ. ಕೊನೆಯ ಹಾಡಿಗೆ ಮೊದಲೇ ಗೇಟಿನ ಕಡೆ ನಡೆಯುವುದು, ಇಲ್ಲವೇ ಎಲ್ಲರೂ ಹೋದ ಮೇಲೆ ಅರ್ಧ ಗಂಟೆ ಕೂತಿದ್ದು ಏಳುವುದು, ಎರಡರಲ್ಲೊಂದು.

ಹೊಟ್ಟೆಗೆ ಮೊಣಕೈ ಏಟು ಬಿತ್ತು, ಟೆಂಟಿನ ಹಗ್ಗಕ್ಕೆ ಎಡವಿ ಬಿದ್ದಿರಿ ಅನ್ನಿ. ನೋವಿಲ್ಲ ಅಂತ ಸುಮ್ಮನಾಗಬೇಡಿ. ಮಾಸು ಗರ್ಭಕೋಶದ ಗೋಡೆಯಿಂದ ಬಿಡುವುದು ಕೆಲವು ಗಂಟೆ ಬಿಟ್ಟು ತಿಳಿಯಬಹುದು, ಅದಕ್ಕೇ ಆಸ್ಪತ್ರೆಯಲ್ಲಿ ಕನಿಷ್ಠ ನಾಲ್ಕು ಗಂಟೆ ಮಗುವಿನ ಎದೆಬಡಿತ ನೋಡುತ್ತಾರೆ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನು ಮೊದಲು ಹೇಳಿ. ಏಟು ಅಥವಾ ರಕ್ತಸ್ರಾವ ಆದ 72 ಗಂಟೆಯೊಳಗೆ, ತಾಯಿಯ ಮೈ ಮಗುವಿನ ರಕ್ತದ ವಿರುದ್ಧ ತಿರುಗದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದು ಬೇಕಾಗಬಹುದು.

ಬಿಸಿಲು, ನೀರು, ಊಟ

ಬಸಿರಿನಲ್ಲಿ ರಕ್ತದ ಪ್ರಮಾಣ ಹೆಚ್ಚುಕಡಿಮೆ ಅರ್ಧದಷ್ಟು ಏರಿರುತ್ತದೆ, ಹೃದಯ ಕೂತಲ್ಲೇ ಜೋರಾಗಿ ಓಡುತ್ತಿರುತ್ತದೆ. ಒಂದೇ ಕಡೆ ಬಹಳ ಹೊತ್ತು ನಿಂತರೆ ರಕ್ತ ಕಾಲಲ್ಲಿ ಉಳಿದು ಕಣ್ಣು ಕತ್ತಲೆ ಬರುತ್ತದೆ. ಆದ್ದರಿಂದ ಕುರ್ಚಿ ಐಷಾರಾಮ ಅಲ್ಲ. ಮೀನಖಂಡ ಬಿಗಿಹಿಡಿದು ಬಿಡುತ್ತಿರಿ, ಕೂತು ಏಳುವಾಗ ನಿಧಾನ ಮಾಡಿ. ನೆರಳನ್ನು ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ, ಆದರೆ ಬೆಳಿಗ್ಗೆಯ ನೆರಳು ಮಧ್ಯಾಹ್ನ ಅಲ್ಲಿರುವುದಿಲ್ಲ.

ನೀರು ಬಾಯಾರುವ ಮೊದಲು. ಮೂತ್ರ ತಿಳಿ ಹಳದಿ ಇದ್ದರೆ ಸಾಕು, ದಟ್ಟವಾದರೆ ಕುಡಿಯುವುದು ಸಾಲದು. ಬೆವರು ಜಾಸ್ತಿಯಾದರೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಅಂದಾಜಿನಲ್ಲಿ ಗಟ್ಟಿ ಮಾಡಬೇಡಿ. ನೀರು ಕಮ್ಮಿಯಾದಾಗ ಹೊಟ್ಟೆ ಗಟ್ಟಿಯಾಗಿ ಬಿಗಿಯುವುದುಂಟು. ನೀರು ಕುಡಿದು ಎಡಕ್ಕೆ ಮಲಗಿದರೆ ಸಡಿಲವಾಗುವ ಬಿಗಿತ ಸಾಮಾನ್ಯದ್ದು. ಸಡಿಲವಾಗದೆ ಲಯ ಹಿಡಿದು ಮತ್ತೆ ಮತ್ತೆ ಬಂದರೆ ಅದು ಬೇರೆ ಮಾತು, ಕೆಳಗೆ ಹೇಳುತ್ತೇನೆ.

"ಶೌಚಾಲಯಕ್ಕೆ ಕ್ಯೂ ಇದೆ, ನೀರೇ ಬೇಡ" ಅನ್ನುವ ಉಪಾಯ ನನಗೆ ಗೊತ್ತಿರುವ ಎಲ್ಲ ಬಸುರಿಯರಿಗೂ ಹೊಳೆದಿದೆ. ಬೇಡ. ಮೂತ್ರದ ಸೋಂಕು ಬಸಿರಿನಲ್ಲಿ ಸುಲಭವಾಗಿ ಹತ್ತುತ್ತದೆ, ಕಿಡ್ನಿಗೆ ಏರಿದರೆ ಅವಧಿಗೆ ಮೊದಲೇ ಹೆರಿಗೆಯವರೆಗೂ ಹೋಗಬಹುದು. ಹಾಡು ನಡೆಯುವಾಗ ಹೋಗಿ ಬನ್ನಿ, ಎರಡು ಕಾರ್ಯಕ್ರಮಗಳ ನಡುವೆ ಇಡೀ ಮೈದಾನವೇ ಅಲ್ಲಿರುತ್ತದೆ. ಟಿಶ್ಯೂ, ಸಾಬೂನು ಚೂರು, ತಲೆಗೆ ಕಟ್ಟುವ ಟಾರ್ಚ್ ನಿಮ್ಮದೇ ಇರಲಿ.

ಊಟದಲ್ಲಿ ಒಂದೇ ಸೂತ್ರ: ಕಣ್ಣೆದುರು ಬೆಂದು ಹಬೆಯಾಡುವುದನ್ನು ತಿನ್ನಿ. ಹೆಚ್ಚಿಟ್ಟ ಹಣ್ಣು, ಹಸಿ ಸಲಾಡ್, ಕಾಯಿಸದ ಹಾಲಿನ ಮೆದು ಚೀಸ್, ಅರೆಬೆಂದ ಮಾಂಸ ಮೊಟ್ಟೆ ಬಿಡಿ. ಲಿಸ್ಟೀರಿಯಾ ಅನ್ನುವ ಸೋಂಕು ಬಸುರಿಯರನ್ನು ಉಳಿದವರಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು ಹಿಡಿಯುತ್ತದೆ, ಮಗುವಿಗೂ ದಾಟುತ್ತದೆ. ಕೆಫೀನ್ ದಿನಕ್ಕೆ 200 ಮಿಲಿಗ್ರಾಂ ಒಳಗೆ. ಎನರ್ಜಿ ಡ್ರಿಂಕ್ ಡಬ್ಬಿಯ ಹಿಂಬದಿ ಓದಿ. ಮದ್ಯ ಬೇಡ. ಸುತ್ತ ಸಿಗರೇಟು, ಗಾಂಜಾ ಹೊಗೆ ಕವಿದರೆ ಎದ್ದು ಜಾಗ ಬದಲಿಸಿ, ಕೇಳಿಕೊಂಡು ಕೂರಬೇಡಿ, ಅವರು ಆರಿಸುವುದಿಲ್ಲ.

ರಾತ್ರಿ

ಹತ್ತಿರದಲ್ಲಿ ರೂಮು ಸಿಗುವುದಾದರೆ ರೂಮು. ಟೆಂಟೇ ಅಂದರೆ ಮಂಚದಂತೆ ಎತ್ತರ ಇರುವ ಮಡಚುವ ಹಾಸಿಗೆ ತನ್ನಿ, ನೆಲದಿಂದ ಏಳುವ ಕಷ್ಟ ರಾತ್ರಿ ಮೂರನೇ ಸಲ ಶೌಚಕ್ಕೆ ಎದ್ದಾಗ ತಿಳಿಯುತ್ತದೆ. ಮಂಡಿಯ ನಡುವೆ ಒಂದು ದಿಂಬು. 28 ವಾರ ದಾಟಿದ್ದರೆ ಮಗ್ಗುಲಾಗಿಯೇ ನಿದ್ದೆಗೆ ಹೋಗಿ, ಬೆನ್ನ ಮೇಲೆ ಬೇಡ.

ಸ್ಟೇಜಿನ ಹಿಂದೆ ಟೆಂಟ್ ಹಾಕಿದರೆ ಸದ್ದಿರುವುದಿಲ್ಲ ಅನ್ನುವ ನಂಬಿಕೆ ಬಾಸಿನ ಮಟ್ಟಿಗೆ ಸುಳ್ಳು. ವಿಶೇಷವಾಗಿ ಜೋಡಿಸದಿದ್ದರೆ ಸಬ್‌ವೂಫರ್ ಹಿಂದಕ್ಕೂ ಅಷ್ಟೇ ಗುಡುಗುತ್ತದೆ. ಜೊತೆಗೆ ರಾತ್ರಿ ನೆಲ ತಣ್ಣಗಾದಾಗ ಮೇಲೇರುವ ಶಬ್ದ ಮತ್ತೆ ನೆಲಕ್ಕೆ ಬಾಗಿ ಬರುವುದರಿಂದ ದೂರದ ವೇದಿಕೆಯೂ ಪಕ್ಕದಲ್ಲಿದ್ದಂತೆ ಕೇಳುತ್ತದೆ. ಮಧ್ಯರಾತ್ರಿ ನಂತರ ನಡೆಯುವ ನೃತ್ಯದ ವೇದಿಕೆ ಯಾವುದು ಅಂತ ನಕಾಶೆಯಲ್ಲಿ ನೋಡಿ, ಅದರಿಂದ ಆದಷ್ಟು ದೂರ ಹಾಕಿ. ಜನರೇಟರ್ ಪಕ್ಕವೂ ಬೇಡ, ಅದರ ಹೊಗೆಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದೇ ಕಾರಣಕ್ಕೆ ಟೆಂಟಿನೊಳಗೆ ಒಲೆ, ಕೆಂಡ ಯಾವುದನ್ನೂ ಹಚ್ಚಬೇಡಿ. ಗುಡುಗು ಕೇಳಿದರೆ ಟೆಂಟ್ ಬಿಟ್ಟು ಗಟ್ಟಿ ಕಟ್ಟಡಕ್ಕೆ ಇಲ್ಲವೇ ಮುಚ್ಚಿದ ಕಾರಿಗೆ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲೇ.

ಚೀಲದಲ್ಲಿ

ತಪಾಸಣೆ ಫೈಲು, ಕೊನೆಯ ಸ್ಕ್ಯಾನ್ ವರದಿ, ಅದರ ಫೋಟೋ ಫೋನಿನಲ್ಲಿ. ರಕ್ತದ ಗುಂಪು ಮತ್ತು ಜೊತೆಗಾರರ ನಂಬರ್ ಬರೆದ ಚೀಟಿ. ಮಾಮೂಲಿ ಮಾತ್ರೆಗಳು ಒಂದು ದಿನದ್ದು ಹೆಚ್ಚುವರಿ. ಜ್ವರ, ನೋವಿಗೆ ಪ್ಯಾರಸಿಟಮಾಲ್. ಐಬುಪ್ರೊಫೇನ್ ಬಗೆಯವು ಡಾಕ್ಟರು ಹೇಳದೆ ಬೇಡ, ಅದರಲ್ಲೂ 20ನೇ ವಾರದ ನಂತರ. ಸ್ಯಾನಿಟರಿ ಪ್ಯಾಡ್ ಇಟ್ಟುಕೊಳ್ಳಿ, ಬಂದದ್ದು ರಕ್ತವೋ ನೀರೋ ಎಷ್ಟು ಅಂತ ಹೇಳಲು ಅದೇ ದಾರಿ. ಡೀಟ್ ಅಥವಾ ಪಿಕಾರಿಡಿನ್ ಇರುವ ಸೊಳ್ಳೆ ಮುಲಾಮು ಬಸಿರಿನಲ್ಲೂ ಹಚ್ಚಬಹುದು. ಝೀಕಾ ಅಥವಾ ಮಲೇರಿಯಾ ಹರಡುತ್ತಿರುವ ಕಡೆಯ ಉತ್ಸವವಾದರೆ ಮುಲಾಮು ನಂಬಿ ಹೋಗಬೇಡಿ, ಡಾಕ್ಟರನ್ನು ಕೇಳಿಯೇ ತೀರ್ಮಾನಿಸಿ. ಪ್ರಯಾಣ ಉದ್ದವಾದರೆ ಗಂಟೆ ಎರಡು ಗಂಟೆಗೊಮ್ಮೆ ಇಳಿದು ನಡೆಯಿರಿ, ಬಸಿರಿನಲ್ಲಿ ಕಾಲಿನ ರಕ್ತನಾಳ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಕಾರಿನ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಕೆಳಗೆ, ತೊಡೆಯ ಮೇಲೆ ಬರಬೇಕು. ಚಪ್ಪಲಿ ಬೇಡ, ಹಿಮ್ಮಡಿ ಹಿಡಿಯುವ ಶೂ ಹಾಕಿ.

ಒಂಟಿಯಾಗಿ ಹೋಗಬೇಡಿ. ಜೊತೆಗೆ ಬರುವವರು ಕುಡಿಯದೆ ಇರುವವರಾಗಿದ್ದರೆ ಉತ್ತಮ, ಕಾರು ಓಡಿಸಬಲ್ಲವರಾಗಿದ್ದರೆ ಇನ್ನೂ ಉತ್ತಮ. ಸಂಜೆಯಾದರೆ ಮೈದಾನದಲ್ಲಿ ಫೋನ್ ಕರೆ ಹೋಗುವುದಿಲ್ಲ, ಮೆಸೇಜ್ ಒಮ್ಮೊಮ್ಮೆ ಹೋಗುತ್ತದೆ. ಕಳೆದುಹೋದರೆ ಸೇರುವ ಕಂಬವೊಂದನ್ನು ಹಗಲಲ್ಲೇ ಗೊತ್ತುಮಾಡಿಕೊಳ್ಳಿ. ಆಸ್ಪತ್ರೆಯ ದಾರಿಯನ್ನೂ ಫೋನಿಗೆ ಇಳಿಸಿಟ್ಟುಕೊಳ್ಳಿ, ಮತ್ತು ಕಾರನ್ನು ಹೊರಬಾಗಿಲ ಕಡೆ ಮುಖ ಮಾಡಿ ನಿಲ್ಲಿಸಿ.

ಕಾಯದೆ ಎದ್ದು ಹೋಗಬೇಕಾದದ್ದು

ರಕ್ತ ಕಂಡರೆ. ನೀರು ಸೋರಿದರೆ. 37 ವಾರಕ್ಕೆ ಮೊದಲು ಹೊಟ್ಟೆಯ ಬಿಗಿತ ಲಯ ಹಿಡಿದು ಬಂದು ವಿಶ್ರಾಂತಿಗೂ ನಿಲ್ಲದಿದ್ದರೆ. ಬಿಡದ ತಲೆನೋವು, ಕಣ್ಣ ಮುಂದೆ ಮಿಂಚು, ಮುಖ ಕೈ ದಿಢೀರ್ ಊದುವುದು, ಇವು ರಕ್ತದೊತ್ತಡ ಏರಿದ ಸೂಚನೆ ಇರಬಹುದು. ಒಂದೇ ಮೀನಖಂಡ ಊದಿ ನೋವಾದರೆ, ಉಸಿರಾಡಲು ಕಷ್ಟವಾದರೆ, ಎದೆ ನೋವು ಬಂದರೆ, ಪ್ರಜ್ಞೆ ತಪ್ಪಿದರೆ, 38 ಡಿಗ್ರಿ ಜ್ವರ ಬಂದರೆ. ಇವಕ್ಕೆಲ್ಲ ಮೊದಲು ಪ್ರಥಮ ಚಿಕಿತ್ಸೆ ಡೇರೆ, ಅಲ್ಲಿಂದ ಆಸ್ಪತ್ರೆ. "ಈ ಹಾಡು ಮುಗಿಯಲಿ" ಅನ್ನುವುದಿಲ್ಲ.

ಮಗುವಿನ ಓಡಾಟ ಗೊತ್ತಾಗತೊಡಗಿದವರಿಗೆ ಇನ್ನೊಂದು. ಗದ್ದಲದಲ್ಲಿ, ನಡಿಗೆಯಲ್ಲಿ ಒದೆತ ಗಮನಕ್ಕೆ ಬರುವುದಿಲ್ಲ. ಬೆಳಿಗ್ಗೆ ಸಂಜೆ ಟೆಂಟಿನಲ್ಲಿ ಎಡಮಗ್ಗುಲಾಗಿ ಮಲಗಿ ಗಮನಿಸಿ. ದಿನದ ರೂಢಿಗಿಂತ ಕಮ್ಮಿ ಅನಿಸಿದರೆ ಮರುದಿನದವರೆಗೆ ಕಾಯಬೇಡಿ, ಅದೇ ಹೊತ್ತಿಗೆ ತೋರಿಸಿ.

ಮನೆಗೆ ಬಂದ ಮೇಲೆ ಕಿವಿಯಲ್ಲಿ ಗುಂಯ್‌ಗುಡುವುದು ಒಂದೆರಡು ದಿನಕ್ಕೂ ನಿಲ್ಲದಿದ್ದರೆ ಕಿವಿಯ ಡಾಕ್ಟರು. ಕೆಲವು ದಿನ ಬಿಟ್ಟು ಜ್ವರ, ಭೇದಿ, ಉರಿಮೂತ್ರ ಬಂದರೆ ಎಲ್ಲಿ ಹೋಗಿದ್ದಿರಿ, ಏನು ತಿಂದಿರಿ ಅನ್ನುವುದನ್ನೂ ಸೇರಿಸಿ ಹೇಳಿ, ಕೆಲವು ಸೋಂಕುಗಳು ವಾರಗಳು ಕಳೆದ ಮೇಲೂ ಕಾಣಿಸಿಕೊಳ್ಳುತ್ತವೆ.